ಹರಾಜಿನಲ್ಲಿ ತಂಡ ಕಟ್ಟಬಹುದೇ?

ಗೆದ್ದೆತ್ತಿನ ಬಾಲ ಹಿಡಿಯುವವರು ಲೋಕದಲ್ಲಿ ಬಹುಮಂದಿ. ಸೋತೆತ್ತಿನ ಬಾಲವನ್ನು ಹದಿನೇಳು ವರ್ಷ ಬಿಡದೆ ಹಿಡಿದು ನಿಂತವರು ಎಲ್ಲಿಯಾದರೂ ಇದ್ದರೆ ಅವರು ನಮ್ಮ ಕನ್ನಡನಾಡಿನ ಕ್ರಿಕೆಟ್ ಅಭಿಮಾನಿಗಳು. ೨೦೦೮ರಲ್ಲಿ ಐ.ಪಿ.ಎಲ್. ಪಂದ್ಯಾವಳಿ ಆರಂಭವಾದಂದಿನಿಂದ ೨೦೨೫ರ ಜೂನ್ ೩ರ ರಾತ್ರಿಯವರೆಗೆ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ಪುರುಷರ ತಂಡ ಒಂದು ಸಲವೂ ಆ ಕಪ್ಪನ್ನು ಎತ್ತಲಿಲ್ಲ. ಪ್ರತಿವರ್ಷವೂ ನಾವು "ಈ ಸಲ ಕಪ್ ನಮ್ದೇ" ಎಂದು ಕೂಗಿದೆವು. ಪ್ರತಿವರ್ಷವೂ ಪರವೂರಿನವರು ಅದೇ ಮಾತನ್ನು ನಮಗೇ ತಿರುಗಿಸಿ ಹೇಳಿ ನಕ್ಕರು. ನಕ್ಕವರ ಮೇಲೆ ನಮಗೆ ಅಷ್ಟೊಂದು ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ತಂಡವನ್ನು ಕಟ್ಟುವವರ ಮೇಲೆ, ಕಟ್ಟಿದ್ದನ್ನು ಮರುವರ್ಷವೇ ಕೆಡಹುವವರ ಮೇಲೆ.

ಚಳ್ಳಕೆರೆಯಿಂದ ಬೆಂಗಳೂರಿಗೆ ಸುಮಾರು ೨೦೦ ಕಿಲೋಮೀಟರ್ ದೂರ. ಮೊಳಕಾಲ್ಮೂರಿನಿಂದ ಇನ್ನೂ ಹೆಚ್ಚು. ನಮ್ಮಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಒಳಹೊಕ್ಕು ಪಂದ್ಯ ನೋಡಿದವರು ಬೆರಳೆಣಿಕೆಯಷ್ಟು ಮಂದಿ ಇದ್ದಾರೋ ಇಲ್ಲವೋ. ಆದರೂ ಪಂದ್ಯದ ದಿನ ವಿದ್ಯಾರ್ಥಿನಿಲಯದಲ್ಲಿ ಒಂದು ಮೊಬೈಲಿನ ಸುತ್ತ ಹತ್ತು ತಲೆಗಳು ಕೂಡುವುದನ್ನು ನಮ್ಮ ಅಧ್ಯಾಪಕರು ಬಲ್ಲರು. ಮರುದಿನ ಮೊದಲನೆಯ ಪೀರಿಯಡ್ಡಿನಲ್ಲಿ ತೂಕಡಿಸುವ ಹತ್ತು ತಲೆಗಳನ್ನೂ ಅವರೇ ಬಲ್ಲರು. ಇಷ್ಟು ದೂರದ ತಂಡಕ್ಕಾಗಿ ಇಷ್ಟೊಂದು ಕೊರಗುವುದು ಉಚಿತವೇ, ಕೊರಗುವುದಾದರೆ ಯಾತಕ್ಕಾಗಿ ಕೊರಗಬೇಕು ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ. ಕಪ್ಪು ಬಂದಮೇಲೆ ಹಳೆಯ ಕತೆಯೇಕೆ ಎನ್ನಬಹುದು. ಕಪ್ಪು ಬಂದಮೇಲೆಯೇ ಅದನ್ನು ಸಮಾಧಾನವಾಗಿ ವಿಚಾರ ಮಾಡಲು ಸಾಧ್ಯ. ಸೋಲಿನ ದಿನ ಆಡುವ ಮಾತಿನಲ್ಲಿ ಸಿಟ್ಟು ಹೆಚ್ಚು, ಯುಕ್ತಿ ಕಡಿಮೆ.

ಮೊದಲು ನಮ್ಮ ದೂರುಗಳನ್ನು ಕ್ರಮವಾಗಿ ಹೇಳಿಬಿಡುತ್ತೇನೆ.

೨೦೦೮ರ ಏಪ್ರಿಲ್ ೧೮ರಂದು ಬೆಂಗಳೂರಿನಲ್ಲಿ ಮೊಟ್ಟಮೊದಲ ಪಂದ್ಯ. ಕೋಲ್ಕತ್ತದ ಬ್ರೆಂಡನ್ ಮೆಕಲಮ್ ಒಬ್ಬನೇ ಔಟಾಗದೆ ೧೫೮ ಓಟ ಬಾರಿಸಿದ. ನಮ್ಮ ಇಡೀ ತಂಡ ಕೂಡಿ ಹೊಡೆದದ್ದು ೮೨. ಪ್ರವೀಣ್ ಕುಮಾರ್ ಹೊರತು ಯಾರೂ ಎರಡಂಕಿ ಮುಟ್ಟಲಿಲ್ಲ. ದ್ರಾವಿಡ್, ಕಾಲಿಸ್, ವಾಸೀಂ ಜಾಫರ್, ಕುಂಬ್ಳೆ ಇವರೆಲ್ಲ ಇದ್ದ ಆ ತಂಡವನ್ನು ಜನ ಟೆಸ್ಟ್ ತಂಡವೆಂದು ಹಾಸ್ಯ ಮಾಡಿದರು. ೧೪ ಪಂದ್ಯಗಳಲ್ಲಿ ೪ ಗೆಲುವು, ಎಂಟು ತಂಡಗಳಲ್ಲಿ ಏಳನೆಯ ಸ್ಥಾನ. ಋತುವಿನ ನಡುವೆಯೇ ತಂಡದ ಮುಖ್ಯ ಕಾರ್ಯನಿರ್ವಾಹಕರನ್ನು ತೆಗೆದುಹಾಕಿದರು. ಸಸಿ ನೆಟ್ಟ ತಿಂಗಳಿಗೇ ಬೇರು ಹಿಡಿಯಿತೇ ಎಂದು ಕಿತ್ತು ನೋಡುವ ಅಭ್ಯಾಸ ಅಲ್ಲಿಂದಲೇ ಆರಂಭವಾಯಿತು.

೨೦೦೯ರಲ್ಲಿ ಪಂದ್ಯಾವಳಿ ದಕ್ಷಿಣ ಆಫ್ರಿಕದಲ್ಲಿ ನಡೆಯಿತು. ಕುಂಬ್ಳೆಯವರ ನಾಯಕತ್ವದಲ್ಲಿ ತಂಡ ಫೈನಲ್ ತಲಪಿತು. ನಮ್ಮ ಮನೀಷ್ ಪಾಂಡೆ ಆ ವರ್ಷ ೧೧೪ ಓಟ ಹೊಡೆದು ಐ.ಪಿ.ಎಲ್.ನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯನೆನಿಸಿದ. ಫೈನಲಿನಲ್ಲಿ ಕುಂಬ್ಳೆ ೧೬ ಓಟ ಕೊಟ್ಟು ೪ ವಿಕೆಟ್ ಕಿತ್ತರು. ಆದರೂ ಸೋತೆವು, ಕೇವಲ ೬ ಓಟಗಳಿಂದ. ಆ ತಂಡದಲ್ಲಿ ಒಂದು ಬೀಜವಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ೨೦೧೧ರ ದೊಡ್ಡ ಹರಾಜು ಬಂದಾಗ ತಂಡದವರು ಉಳಿಸಿಕೊಂಡದ್ದು ವಿರಾಟ್ ಕೊಹ್ಲಿಯೊಬ್ಬನನ್ನು. ದ್ರಾವಿಡ್ ರಾಜಸ್ಥಾನಕ್ಕೆ ಹೋದರು. ಉತ್ತಪ್ಪ, ಪಾಂಡೆ ಇಬ್ಬರೂ ಪುಣೆಗೆ ಹೋದರು. ಕೊಹ್ಲಿಯನ್ನು ಉಳಿಸಿಕೊಂಡದ್ದು ಮಹಾ ವಿವೇಕವೆಂದು ಕಾಲವೇ ತೋರಿಸಿತು. ಉಳಿದವರನ್ನು ಬಿಟ್ಟದ್ದರ ವಿವೇಕವನ್ನೂ ಕಾಲವೇ ತೋರಿಸಿತು. ಹೇಗೆಂದರೆ, ೨೦೧೪ರ ಜೂನ್ ೧ರಂದು ಫೈನಲ್ ಪಂದ್ಯ ಬೆಂಗಳೂರಿನಲ್ಲಿಯೇ ನಡೆಯಿತು. ಆಡಿದ್ದು ಕೋಲ್ಕತ್ತ ಮತ್ತು ಪಂಜಾಬ್. ಕೋಲ್ಕತ್ತಕ್ಕೆ ಕಪ್ಪು ಗೆದ್ದುಕೊಟ್ಟದ್ದು ಮನೀಷ್ ಪಾಂಡೆಯ ೯೪ ಓಟ. ಆ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು, ೬೬೦ ಓಟ ಹೊಡೆದವನು ರಾಬಿನ್ ಉತ್ತಪ್ಪ. ಅದೇ ವರ್ಷ ನಮ್ಮ ತಂಡ ಯುವರಾಜ್ ಸಿಂಗ್ ಒಬ್ಬರಿಗೇ ೧೪ ಕೋಟಿ ರೂಪಾಯಿ ಕೊಟ್ಟು ಏಳನೆಯ ಸ್ಥಾನದಲ್ಲಿ ಕುಳಿತಿತ್ತು. ವರ್ಷ ತುಂಬುವುದರೊಳಗೆ ಅವರನ್ನೂ ಬಿಟ್ಟಿತು. ನಮ್ಮ ಮನೆಯ ಅಂಗಳದಲ್ಲಿ ನಮ್ಮ ಹುಡುಗರೇ ಬೇರೆಯವರ ಮದುವೆಗೆ ವಾಲಗ ಊದಿದ ಹಾಗಾಯಿತು.

೨೦೧೬ರಲ್ಲಿ ಕೊಹ್ಲಿಯ ೯೭೩ ಓಟ. ಒಂದು ಋತುವಿನಲ್ಲಿ ಅಷ್ಟು ಓಟ ಅದುವರೆಗೆ ಯಾರೂ ಹೊಡೆದಿರಲಿಲ್ಲ. ಫೈನಲ್ ಮತ್ತೆ ಬೆಂಗಳೂರಿನಲ್ಲಿ. ಹೈದರಾಬಾದಿನವರು ೨೦೮ ಮಾಡಿದರು; ನಮ್ಮ ಆರಂಭದ ಜೋಡಿ ಒಂದೂ ವಿಕೆಟ್ ಬೀಳದೆ ೧೧೪ ಮಾಡಿತು. ಆಮೇಲೆ ೮ ಓಟಗಳ ಸೋಲು. ಮರುವರ್ಷ ೨೦೧೭ರ ಏಪ್ರಿಲ್ ೨೩ರಂದು ಕೋಲ್ಕತ್ತದಲ್ಲಿ ಇಡೀ ತಂಡ ೪೯ ಓಟಕ್ಕೆ ಮುಗಿಯಿತು. ವಿಧಿಯ ವಿನೋದ ನೋಡಿ: ನಾಲ್ಕು ವರ್ಷ ಹಿಂದೆ, ೨೦೧೩ರ ಏಪ್ರಿಲ್ ೨೩ರಂದೇ, ಇದೇ ತಂಡ ಬೆಂಗಳೂರಿನಲ್ಲಿ ೨೬೩ ಹೊಡೆದಿತ್ತು, ಗೇಲ್ ಒಬ್ಬನೇ ೧೭೫. ಒಂದೇ ತಾರೀಖು, ಒಂದೇ ತಂಡ, ಒಂದು ದಿನ ಮುಗಿಲು, ಒಂದು ದಿನ ಪಾತಾಳ.

೨೦೧೮ರ ಹರಾಜಿನಲ್ಲಿ ಕೆ.ಎಲ್. ರಾಹುಲ್ ೧೧ ಕೋಟಿಗೆ ಪಂಜಾಬಿಗೆ ಹೋದ. ಆ ವರ್ಷವೇ ಅಲ್ಲಿ ೬೫೯ ಓಟ ಹೊಡೆದ. ೨೦೨೨ರಲ್ಲಿ ಚಾಹಲ್‌ನನ್ನು ಬಿಟ್ಟರು. ನಮ್ಮ ತಂಡಕ್ಕಾಗಿ ೧೩೯ ವಿಕೆಟ್ ಕಿತ್ತವನು, ಚಿನ್ನಸ್ವಾಮಿಯಂಥ ಸಣ್ಣ ಮೈದಾನದಲ್ಲಿ ಚೆಂಡನ್ನು ಗಾಳಿಯಲ್ಲಿ ತೂರಿಬಿಡುವ ಎದೆಗಾರಿಕೆಯವನು. ರಾಜಸ್ಥಾನಕ್ಕೆ ಹೋದ ಮೊದಲ ವರ್ಷವೇ ೨೭ ವಿಕೆಟ್ ಕಿತ್ತು ಮೊದಲಿಗನಾದ. ಆತನ ಬದಲಿಗೆ ತಂದ ಹಸರಂಗ ಆ ವರ್ಷ ೨೬ ವಿಕೆಟ್ ಕಿತ್ತ ಎಂಬುದನ್ನೂ ಹೇಳದೆ ಹೋದರೆ ನ್ಯಾಯವಾಗುವುದಿಲ್ಲ. ಆದರೆ ಸಿಟ್ಟಿನಲ್ಲಿದ್ದ ನಮಗೆ ೨೭ ಕಾಣಿಸಿತು, ೨೬ ಕಾಣಿಸಲಿಲ್ಲ.

ಇವು ನಮ್ಮ ದೂರುಗಳು. ಇವನ್ನೆಲ್ಲ ಒಂದು ವಾಕ್ಯದಲ್ಲಿ ಹಿಡಿಯಬೇಕೆಂದರೆ ಸಾಮಾನ್ಯವಾಗಿ ಎಲ್ಲರೂ ಹೇಳುವ ಮಾತು ಒಂದಿದೆ: "ನಮ್ಮ ಹುಡುಗರನ್ನು ಬಿಟ್ಟರು, ಅದಕ್ಕೇ ಸೋತರು." ಈ ಮಾತು ಕೇಳಲು ಹಿತವಾಗಿದೆ. ನಾನೂ ಎಷ್ಟೋ ಸಲ ಆಡಿದ್ದೇನೆ. ಆದರೆ ಪರೀಕ್ಷೆ ಮಾಡಿದರೆ ಇದು ಅರ್ಧ ಸತ್ಯ. ೨೦೦೮ರ ತಂಡದ ನಾಯಕ ಕನ್ನಡಿಗ, ಮುಖ್ಯ ಬೌಲರ್ ಕನ್ನಡಿಗ. ಆ ತಂಡ ಏಳನೆಯದಾಯಿತು. ೨೦೨೫ರಲ್ಲಿ ಗೆದ್ದ ತಂಡದಲ್ಲಿ ನಮ್ಮವರು ಬಹಳ ಕಡಿಮೆ. ದೇವದತ್ತ ಪಡಿಕ್ಕಲ್ ಗಾಯಗೊಂಡು ಹೊರಗುಳಿದಮೇಲೆ ಅವನ ಸ್ಥಾನಕ್ಕೆ ಮಯಾಂಕ್ ಅಗರ್ವಾಲ್ ಬಂದ. ಅಂತೂ ಊರಿನ ಹೆಸರಿನಿಂದ ಓಟ ಬರುವುದಿಲ್ಲ. ನಮ್ಮವರಾದರೆ ಗೆಲ್ಲುತ್ತಿದ್ದೆವು ಎಂಬುದು ಲೆಕ್ಕಕ್ಕೆ ನಿಲ್ಲದ ಮಾತು. ನಮ್ಮವರಾಗಿದ್ದರೆ ಸೋತರೂ ಇಷ್ಟು ನೋಯುತ್ತಿರಲಿಲ್ಲ ಎಂಬುದು ಬೇರೆಯ ಮಾತು, ಅದರಲ್ಲಿ ಸತ್ಯವಿದೆ. ಎರಡನ್ನೂ ಕಲಸಬಾರದು.

ಹಾಗಾದರೆ ತಪ್ಪು ಎಲ್ಲಿತ್ತು?

ನನಗೆ ತೋರುವ ಮಟ್ಟಿಗೆ ತಪ್ಪು ಎರಡು. ಒಂದು, ಹೆಸರನ್ನು ಕೊಂಡದ್ದು, ಕೆಲಸವನ್ನು ಕೊಳ್ಳಲಿಲ್ಲ. ಚಿನ್ನಸ್ವಾಮಿ ಮೈದಾನ ಚಿಕ್ಕದು; ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ, ಚೆಂಡು ಅಲ್ಲಿ ದೂರ ಹಾರುತ್ತದೆ. ಇಂಥ ಕಡೆ ಹೊಡೆಯುವವರು ಯಾರಿಗೂ ಸಿಕ್ಕುತ್ತಾರೆ. ತಡೆಯುವವರು ಸಿಕ್ಕುವುದು ಕಷ್ಟ. ಆದ್ದರಿಂದ ಮೊದಲು ಹುಡುಕಬೇಕಾದದ್ದು ಬೌಲರುಗಳನ್ನು. ನಮ್ಮವರು ಮೇಲಿನ ಮೂವರು ಬ್ಯಾಟುಗಾರರಿಗೆ ಚೀಲ ಸುರಿದು, ಉಳಿದ ಚಿಲ್ಲರೆಯಲ್ಲಿ ಬೌಲರುಗಳನ್ನು ಹುಡುಕಿದರು. ಮನೆಗೆ ತೇಗದ ಬಾಗಿಲು ಹಚ್ಚಿ ಸೂರಿಗೆ ಹುಲ್ಲು ಹೊದಿಸಿದಂತೆ. ಬಂದವರೆಲ್ಲ ಬಾಗಿಲನ್ನು ಹೊಗಳಿದರು. ಮಳೆ ಬಂದಾಗ ನೆನೆದವರು ನಾವು.

ಎರಡನೆಯ ತಪ್ಪು, ತಾಳ್ಮೆ ಇಲ್ಲದ್ದು. ಮೊಳಕಾಲ್ಮೂರಿನ ರೇಷ್ಮೆ ಮಗ್ಗವನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನೇಯುವಾಗ ಎಳೆ ಹರಿಯುತ್ತದೆ, ಹರಿಯದ ದಿನವಿಲ್ಲ. ನೇಕಾರನು ಹರಿದ ಎಳೆಯನ್ನು ಹುಡುಕಿ ಗಂಟು ಹಾಕಿ ಮತ್ತೆ ಲಾಳಿ ಎಸೆಯುತ್ತಾನೆ. ಒಂದು ಎಳೆ ಹರಿಯಿತೆಂದು ಇಡೀ ಹಾಸನ್ನು ಕತ್ತರಿಸಿ ಬಿಸಾಡುವವನು ಜನ್ಮದಲ್ಲಿ ಒಂದು ಸೀರೆಯನ್ನೂ ಮುಗಿಸಲಾರ. ನಮ್ಮ ತಂಡದವರು ಹಾಸನ್ನೇ ಕತ್ತರಿಸುತ್ತ ಬಂದರು.

ಇಲ್ಲಿ ತಂಡದವರ ಪರವಾಗಿಯೂ ಒಂದು ಮಾತು ಹೇಳಬೇಕು. ಹಾಸನ್ನು ಕತ್ತರಿಸುವುದಕ್ಕೆ ಪಂದ್ಯಾವಳಿಯ ಕಟ್ಟಳೆಯೇ ಕಾರಣ. ಕೆಲವು ವರ್ಷಗಳಿಗೊಮ್ಮೆ ದೊಡ್ಡ ಹರಾಜು ಬರುತ್ತದೆ. ಆಗ ಪ್ರತಿಯೊಂದು ತಂಡವೂ ಕೆಲವೇ ಆಟಗಾರರನ್ನು ಉಳಿಸಿಕೊಂಡು ಮಿಕ್ಕವರನ್ನು ಬಿಡಲೇಬೇಕು. ೨೦೨೨ರಲ್ಲಿ ಉಳಿಸಿಕೊಳ್ಳಬಹುದಾದವರು ನಾಲ್ವರು. ೨೦೨೫ರ ಋತುವಿಗೆ ಮೊದಲು ಆ ಸಂಖ್ಯೆ ಆರು. ಆಗ ಆಟಗಾರರಿಗೆಲ್ಲ ಸೇರಿ ಖರ್ಚು ಮಾಡಬಹುದಾಗಿದ್ದ ಹಣ ೧೨೦ ಕೋಟಿ. ಎಲ್ಲ ತಂಡಗಳೂ ಸಮಬಲವಾಗಿರಲಿ ಎಂಬುದು ಇದರ ಉದ್ದೇಶ, ಉದ್ದೇಶ ಒಳ್ಳೆಯದೇ. ಆದರೆ ವರ್ಷಗಟ್ಟಲೆ ಬೆಳೆಸಿದ ಹುಡುಗನನ್ನು ಎರಡು ದಿನದ ಸಂತೆಯಲ್ಲಿ ಮತ್ತೆ ಕೊಳ್ಳಬೇಕಾದರೆ, ಬೆಳೆಸುವ ಉತ್ಸಾಹ ಯಾರಿಗೆ ಉಳಿದೀತು?

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಪದ್ಧತಿ ಬೇರೆ. ಅಲ್ಲಿ ಶಾಲೆ ಕಾಲೇಜುಗಳಿಂದ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ ಹಿಂದಿನ ವರ್ಷ ಹೆಚ್ಚು ಸೋತ ತಂಡಗಳಿಗೆ ಆದ್ಯತೆ ಕೊಡುತ್ತಾರೆ. ಹೀಗಾಗಿ ಸೋಲಿನಲ್ಲಿಯೇ ನಾಳಿನ ಬೀಜ ಇರುತ್ತದೆ. ಬಾಸ್ಟನ್ ನಗರದ ರೆಡ್ ಸಾಕ್ಸ್ ತಂಡ ೧೯೧೮ರಲ್ಲಿ ಗೆದ್ದಿತು. ಮರುವರ್ಷದ ಕೊನೆಯಲ್ಲಿ ಬೇಬ್ ರೂತ್ ಎಂಬ ಮಹಾ ಆಟಗಾರನನ್ನು ನ್ಯೂಯಾರ್ಕಿನವರಿಗೆ ಮಾರಿತು. ಮತ್ತೆ ಗೆದ್ದದ್ದು ೨೦೦೪ರಲ್ಲಿ, ೮೬ ವರ್ಷಗಳಾದಮೇಲೆ. ಷಿಕಾಗೋದ ಕಬ್ಸ್ ತಂಡದ ಅಭಿಮಾನಿಗಳು ೧೯೦೮ರಿಂದ ೨೦೧೬ರವರೆಗೆ ೧೦೮ ವರ್ಷ ಕಾದರು. ಅಜ್ಜ ಕಾದು ಸತ್ತ, ಮಗ ಕಾದು ಮುದುಕನಾದ, ಮೊಮ್ಮಗ ನೋಡಿದ. ಅವರ ಮುಂದೆ ನಮ್ಮ ಹದಿನೇಳು ವರ್ಷ ಯಾವ ಲೆಕ್ಕ? ಆದರೆ ಷಿಕಾಗೋದವರು ಕೊನೆಗೆ ಗೆದ್ದ ಬಗೆಯನ್ನು ಗಮನಿಸಬೇಕು. ೨೦೧೨ರಲ್ಲಿ ಅವರು ೧೬೨ ಪಂದ್ಯಗಳಲ್ಲಿ ೧೦೧ ಸೋತರು. ಹಳಬರನ್ನು ಬಿಟ್ಟು ಎಳೆಯರನ್ನು ತಂದರು. ೨೦೧೩ರಲ್ಲಿ ಆರಿಸಿದ ಕ್ರಿಸ್ ಬ್ರಯಂಟ್ ಎಂಬ ಹುಡುಗ ೨೦೧೬ರ ಗೆಲುವಿನ ವರ್ಷ ಶ್ರೇಷ್ಠ ಆಟಗಾರನೆನಿಸಿದ. ಸೋಲುವ ವರ್ಷಗಳಲ್ಲಿಯೂ ಟಿಕೆಟ್ಟಿನ ಹಣ ಕೊಟ್ಟು ಬಂದ ಜನಕ್ಕೆ ಇದು ನ್ಯಾಯವೇ ಎಂದು ಅಲ್ಲಿಯೂ ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಆದರೂ ಕಟ್ಟುವವನ ಮನಸ್ಸಿನಲ್ಲಿ ಒಂದು ನಕ್ಷೆ ಇದೆಯೆಂದು ತಿಳಿದರೆ ಜನ ಕಾಯುತ್ತಾರೆ. ನಕ್ಷೆಯೇ ಇಲ್ಲದ ಸೋಲನ್ನು ಸಹಿಸುವುದು ಕಷ್ಟ.

ನಮ್ಮ ನಾಡಿನಲ್ಲಿಯೇ ಇದಕ್ಕೆ ಉದಾಹರಣೆ ಇದೆ. ರಣಜಿ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯ ೧೯೩೪ರಲ್ಲಿ ಮದರಾಸಿನಲ್ಲಿ ನಡೆಯಿತು. ಆಡಿದ್ದು ಮದರಾಸು ಮತ್ತು ನಮ್ಮ ಮೈಸೂರು. ಪಂದ್ಯ ಒಂದೇ ದಿನದಲ್ಲಿ ಮುಗಿಯಿತು, ಸೋತವರು ನಾವು. ಅಲ್ಲಿಂದ ೧೯೭೪ರವರೆಗೆ, ನಲವತ್ತು ವರ್ಷ, ಟ್ರೋಫಿ ನಮ್ಮ ಕೈಗೆ ಬರಲಿಲ್ಲ. ಹದಿನೈದು ವರ್ಷ ಸತತವಾಗಿ ಗೆದ್ದಿದ್ದ ಬೊಂಬಾಯಿಯನ್ನು ೧೯೭೩-೭೪ರ ಸೆಮಿಫೈನಲಿನಲ್ಲಿ ಬಗ್ಗಿಸಿ, ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಬ್ರಿಜೇಶ್ ಪಟೇಲ್ ಇವರ ತಂಡ ಮೊದಲ ಬಾರಿ ಗೆದ್ದಿತು. ಅಲ್ಲಿ ಯಾವ ಹರಾಜೂ ಇರಲಿಲ್ಲ. ಕ್ಲಬ್ಬುಗಳು, ಕಾಲೇಜುಗಳು, ಮ್ಯಾಟಿಂಗ್ ವಿಕೆಟ್ಟುಗಳು, ಸಂಜೆಯ ಅಭ್ಯಾಸ, ಇಷ್ಟೇ ಬಂಡವಾಳ. ನೆರೆಯ ದಾವಣಗೆರೆಯ ವಿನಯ್ ಕುಮಾರ್ ನಾಯಕನಾಗಿ ೨೦೧೩-೧೪ ಮತ್ತು ೨೦೧೪-೧೫ರಲ್ಲಿ ಎರಡು ವರ್ಷ ಸತತವಾಗಿ ರಣಜಿ ಟ್ರೋಫಿ ತಂದುಕೊಟ್ಟನಷ್ಟೆ. ಅದಕ್ಕಾಗಿ ಹಾಸ್ಟೆಲಿನಲ್ಲಿ ಪಟಾಕಿ ಹೊಡೆದವರನ್ನು ನಾನು ಕಾಣೆ. ತಪ್ಪು ತಂಡದವರದು ಮಾತ್ರವಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಹೆಸರಿಗೆ ಮರುಳಾದವರು ನಾವೂ ಹೌದು.

ಈಗ ನನ್ನದೇ ಒಂದು ತಪ್ಪೊಪ್ಪಿಗೆ. ೨೦೨೪ರ ನವೆಂಬರ್ ೨೪ ಮತ್ತು ೨೫ರಂದು ಜೆಡ್ಡಾ ನಗರದಲ್ಲಿ ದೊಡ್ಡ ಹರಾಜು ನಡೆಯಿತು. ಮೂವರನ್ನು ಮಾತ್ರ ಉಳಿಸಿಕೊಂಡ ನಮ್ಮ ತಂಡದ ಕೈಯಲ್ಲಿ ೮೩ ಕೋಟಿ ಇತ್ತು. ಈ ಸಲ ರಾಹುಲ್ ಬಂದೇ ಬರುತ್ತಾನೆಂದು ನಾವು ಕಾದು ಕುಳಿತೆವು. ರಾಹುಲ್ ೧೪ ಕೋಟಿಗೆ ದೆಹಲಿಗೆ ಹೋದ. ಏಳು ವರ್ಷ ಚೆಂಡೆಸೆದ ಸಿರಾಜ್ ಗುಜರಾತಿಗೆ ಹೋದ. ನಮ್ಮವರು ಹೇಜಲ್‌ವುಡ್, ಭುವನೇಶ್ವರ್, ಕೃಣಾಲ್ ಪಾಂಡ್ಯ, ಜಿತೇಶ್ ಶರ್ಮ ಎಂದು ಲೆಕ್ಕ ಹಾಕಿ ಕೊಳ್ಳುತ್ತಿದ್ದರು. ಅಂದು ನಾನು ಆಡಿದ ಮಾತುಗಳನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕಿಸಲು ಸಂಪಾದಕರು ಒಪ್ಪಲಾರರು. ಋತು ಆರಂಭವಾದಮೇಲೆ ಸಿಟ್ಟು ಇಮ್ಮಡಿಯಾಯಿತು. ಸಿರಾಜ್ ಬೆಂಗಳೂರಿಗೆ ಬಂದು ೧೯ ಓಟಕ್ಕೆ ೩ ವಿಕೆಟ್ ಕಿತ್ತು ನಮ್ಮನ್ನು ಸೋಲಿಸಿದ. ಏಪ್ರಿಲ್ ೧೦ರಂದು ರಾಹುಲ್ ಔಟಾಗದೆ ೯೩ ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಬರೆದು, ಇದು ನನ್ನ ಮೈದಾನ ಎಂದು ತೋರಿಸಿದ. ಸೋತದ್ದು ನಮ್ಮ ತಂಡ. ಗೆದ್ದದ್ದು ನಮ್ಮ ಹುಡುಗ. ಚಪ್ಪಾಳೆ ಹೊಡೆಯಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಕುಳಿತೆವು.

ಆದರೆ ಆ ಲೆಕ್ಕಾಚಾರವೇ ಕೊನೆಗೆ ಗೆದ್ದಿತು. ಎದುರಾಳಿಗಳ ಮೈದಾನಗಳಲ್ಲಿ ಆಡಿದ ಏಳು ಲೀಗ್ ಪಂದ್ಯಗಳನ್ನೂ ತಂಡ ಗೆದ್ದಿತು. ಹೇಜಲ್‌ವುಡ್ ೨೨ ವಿಕೆಟ್ ಕಿತ್ತ. ಒಂದು ದಿನ ಷೆಪರ್ಡ್ ೧೪ ಚೆಂಡಿನಲ್ಲಿ ೫೩, ಇನ್ನೊಂದು ದಿನ ಜಿತೇಶ್ ೩೩ ಚೆಂಡಿನಲ್ಲಿ ೮೫. ಅಹಮದಾಬಾದಿನ ಫೈನಲಿನಲ್ಲಿ ನಮ್ಮವರಲ್ಲಿ ಒಬ್ಬನೂ ಅರ್ಧ ಶತಕ ಹೊಡೆಯಲಿಲ್ಲ. ಎಲ್ಲರಿಗಿಂತ ಹೆಚ್ಚು ಹೊಡೆದ ಕೊಹ್ಲಿಯದು ೪೩. ಕೃಣಾಲ್ ನಾಲ್ಕು ಓವರಿಗೆ ೧೭ ಓಟ ಮಾತ್ರ ಕೊಟ್ಟು ೨ ವಿಕೆಟ್ ಕಿತ್ತ. ೬ ಓಟಗಳ ಗೆಲುವು. ೨೦೦೯ರಲ್ಲಿ ಸೋತಿದ್ದೂ ೬ ಓಟಗಳಿಂದಲೇ. ಒಬ್ಬನೇ ೯೭೩ ಓಟ ಹೊಡೆದ ವರ್ಷ ಬಾರದ ಕಪ್ಪು, ಯಾರೂ ಐವತ್ತು ಮುಟ್ಟದ ರಾತ್ರಿ ಬಂತು. ಇದಕ್ಕಿಂತ ಸ್ಪಷ್ಟವಾದ ಪಾಠ ಬೇರೊಂದು ಬೇಕೇ?

ನಾಯಕ ರಜತ್ ಪಾಟಿದಾರನ ಕತೆ ಇನ್ನೂ ಬೋಧಪ್ರದ. ೨೦೨೨ರ ಹರಾಜಿನಲ್ಲಿ ಅವನನ್ನು ಕೊಳ್ಳುವವರೇ ಇರಲಿಲ್ಲ. ಗಾಯಗೊಂಡ ಒಬ್ಬನ ಬದಲಿಗೆ ಬಂದು, ನಾಕ್‌ಔಟ್ ಪಂದ್ಯದಲ್ಲಿ ೧೧೨ ಹೊಡೆದ. ೨೦೨೩ರಲ್ಲಿ ತಾನೇ ಗಾಯಗೊಂಡು ಇಡೀ ಋತು ಕುಳಿತ. ಆದರೂ ತಂಡ ಅವನನ್ನು ಬಿಡಲಿಲ್ಲ. ಎರಡು ವರ್ಷಗಳಲ್ಲಿ ಅವನೇ ನಾಯಕ, ಅವನ ಕೈಯಲ್ಲಿಯೇ ಕಪ್ಪು. ಬಿತ್ತನೆಯ ಶೇಂಗಾವನ್ನು ಹುರಿದು ತಿನ್ನದೆ ಉಳಿಸಿದವನಿಗೆ ಮುಂದಿನ ಮುಂಗಾರು ಉಂಟೆಂಬುದನ್ನು ಚಳ್ಳಕೆರೆಯವರಾದ ನಮಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ.

ಮಹಿಳೆಯರ ತಂಡ ಈ ಪಾಠವನ್ನು ಮೊದಲೇ ಹೇಳಿಕೊಟ್ಟಿತ್ತು. ೨೦೨೩ರಲ್ಲಿ ಮೊದಲ ಐದು ಪಂದ್ಯ ಸತತವಾಗಿ ಸೋತ ತಂಡ, ಸ್ಮೃತಿ ಮಂಧಾನಳನ್ನೇ ನಾಯಕಿಯಾಗಿ ಮುಂದುವರಿಸಿ, ೨೦೨೪ರ ಮಾರ್ಚಿನಲ್ಲಿ ಕಪ್ಪು ಗೆದ್ದಿತು. ಫೈನಲಿನಲ್ಲಿ ನಮ್ಮ ನಾಡಿನ ಶ್ರೇಯಾಂಕಾ ಪಾಟೀಲ್ ೪ ವಿಕೆಟ್ ಕಿತ್ತಳು. ಹದಿನಾರು ವರ್ಷ ಪುರುಷರು ತರಲಾರದ್ದನ್ನು ಹೆಣ್ಣುಮಕ್ಕಳು ಎರಡನೆಯ ವರ್ಷವೇ ತಂದರು. ನಮ್ಮ ತರಗತಿಯ ಸೋದರಿಯರು ಇದನ್ನು ನಮಗೆ ನೆನಪಿಸದ ದಿನವಿಲ್ಲ.

ದೊಡ್ಡ ತಂಡದ ಮಾತು ಇಷ್ಟಕ್ಕೆ ಸಾಕು. ನಮ್ಮೂರಿನ ಮಾತನ್ನು ಸ್ವಲ್ಪ ಹೇಳುತ್ತೇನೆ. ನಮ್ಮದು ಮೊಳಕಾಲ್ಮೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಯುಗಾದಿ ಕಳೆದಮೇಲೆ ಟೆನ್ನಿಸ್ ಚೆಂಡಿನ ಪಂದ್ಯಾವಳಿ ನಡೆಯುತ್ತದೆ. ಒಂದು ವರ್ಷ ಮೊದಲ ಬಹುಮಾನ ಒಂದು ಟಗರು. ಗೆಲ್ಲಲೇಬೇಕೆಂದು ನಾವು ಚಂದಾ ಎತ್ತಿ ಬಳ್ಳಾರಿ ಕಡೆಯಿಂದ ಮೂವರು ಗೆಸ್ಟ್ ಪ್ಲೇಯರುಗಳನ್ನು ಕರೆತಂದೆವು. ಅವರಿಗೆ ಸ್ಥಳ ಮಾಡಲು ಮೂವರು ಊರ ಹುಡುಗರನ್ನು ಬಿಟ್ಟೆವು. ಅವರಲ್ಲೊಬ್ಬ ಕುರಿ ಕಾಯುವ ಹುಡುಗ. ಗುರಿಯಿಟ್ಟು ಕಲ್ಲೆಸೆದು ಪಳಗಿದ ಕೈ, ಯಾರ್ಕರ್ ಎಂಬ ಶಬ್ದ ಗೊತ್ತಿಲ್ಲದೆಯೇ ಯಾರ್ಕರ್ ಹಾಕುತ್ತಿದ್ದ. ಹಿಂದಿನ ಪಂದ್ಯದಲ್ಲಿ ಒಂದು ಓವರಿಗೆ ೨೨ ಓಟ ಕೊಟ್ಟದ್ದೇ ಅವನ ಅಪರಾಧ. ಪಂದ್ಯ ನೋಡಲು ಬಂದ ಅಜ್ಜನೊಬ್ಬ ಕೇಳಿದ: "ಏನ್ರಲೇ, ನಮ್ಮೂರ ಹೆಸ್ರು ಹಾಕ್ಕೊಂಡು ಬ್ಯಾರೆ ಊರೋರ್ನ ಆಡಿಸ್ತೀರಲ್ಲ, ಗೆದ್ರೆ ಯಾರು ಗೆದ್ದಂಗಾತು?" ಅದಕ್ಕೆ ಉತ್ತರ ಕೊಡುವ ಕಷ್ಟ ನಮಗೆ ಬರಲಿಲ್ಲ, ನಾವು ಸೋತೆವು. ಮರುವರ್ಷ ಆ ಕುರಿ ಕಾಯುವ ಹುಡುಗನನ್ನು ಪಕ್ಕದ ಹಳ್ಳಿಯವರು ಕರೆದುಕೊಂಡರು. ಟಗರು ಆ ಹಳ್ಳಿಗೆ ಹೋಯಿತು. ಕೋಟಿಗಳ ಲೆಕ್ಕದಲ್ಲಿ ಬೆಂಗಳೂರಿನವರು ಮಾಡಿದ್ದನ್ನೇ ನಾವು ಚಂದಾ ಹಣದಲ್ಲಿ ಮಾಡಿದ್ದೆವು. ಮನೀಷ್ ಪಾಂಡೆಯನ್ನು ಬಿಟ್ಟವರನ್ನು ಬೈಯುವ ನಾಲಗೆ ನಮಗೆ ಎಲ್ಲಿಂದ ಬರಬೇಕು?

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಜಾತ್ರೆಯನ್ನು ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಫಾಲ್ಗುಣ ಮಾಸದ ದೊಡ್ಡ ರಥೋತ್ಸವದ ದಿನ ತೇರು ಎಳೆಯುವ ಮೊದಲು ಮುಕ್ತಿ ಬಾವುಟದ ಹರಾಜು ನಡೆಯುತ್ತದೆ. ಬಾವುಟ ಲಕ್ಷಗಟ್ಟಲೆ ರೂಪಾಯಿಗೆ ಹೋಗುತ್ತದೆ. ಕೂಗಿದವರ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಭಕ್ತಿಯಿಂದ ಕೂಗುವುದು, ಅದರಲ್ಲಿ ತಪ್ಪೇನಿಲ್ಲ. ಆದರೆ ತಿಪ್ಪೇರುದ್ರಸ್ವಾಮಿಯವರನ್ನು ಜನ ನೆನೆಯುವುದು ಬಾವುಟಕ್ಕಾಗಿ ಅಲ್ಲ. ಮಳೆಯಿಲ್ಲದ ಈ ಸೀಮೆಯಲ್ಲಿ ಜನರನ್ನು ಕೂಡಿಸಿ ಕೆರೆ ಕಟ್ಟಿಸಿದರೆಂದು, ಮಾಡಿದಷ್ಟು ನೀಡು ಭಿಕ್ಷೆ ಎಂದು ಹೇಳಿದರೆಂದು ನೆನೆಯುತ್ತಾರೆ. ಹರಾಜಿನಲ್ಲಿ ಬಾವುಟ ದೊರೆಯುತ್ತದೆ, ಕೆರೆ ದೊರೆಯುವುದಿಲ್ಲ. ಕೆರೆಯನ್ನು ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಕಟ್ಟಬೇಕು, ಕಟ್ಟಿದಮೇಲೆ ಮಳೆಗಾಗಿ ಕಾಯಬೇಕು. ಶೀರ್ಷಿಕೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟೆ: ಹರಾಜಿನಲ್ಲಿ ಆಟಗಾರರನ್ನು ಕೊಳ್ಳಬಹುದು, ಯಾವ ಕೆಲಸಕ್ಕೆ ಯಾರೆಂದು ತಿಳಿದು ಕೊಂಡರೆ ಒಂದು ಕಪ್ಪನ್ನೂ ಗೆಲ್ಲಬಹುದು. ತಂಡವನ್ನು ಮಾತ್ರ ಹರಾಜಿನ ಹೊರಗೆ, ಹರಾಜಿನ ಆಚೆಯ ವರ್ಷಗಳಲ್ಲಿ ಕಟ್ಟಬೇಕು.

ಕೊನೆಯದಾಗಿ, ಬರೆಯಲು ಕೈ ಹಿಂಜರಿಯುವ ಒಂದು ಮಾತು. ೨೦೨೫ರ ಜೂನ್ ೩ರ ರಾತ್ರಿ ಕಪ್ಪು ಬಂತು. ಜೂನ್ ೪ರಂದು ಅದನ್ನು ನೋಡಲು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಮುಂದೆ ಸೇರಿದ ನೂಕುನುಗ್ಗಲಿನಲ್ಲಿ ೧೧ ಮಂದಿ ಪ್ರಾಣ ಬಿಟ್ಟರು. ಅವರಲ್ಲಿ ನಮ್ಮಂಥ ವಿದ್ಯಾರ್ಥಿಗಳೂ ಇದ್ದರು. ಅಂದು ಬೆಂಗಳೂರಿಗೆ ಹೋಗೋಣವೆಂದು ನಮ್ಮ ಕೊಠಡಿಯಲ್ಲಿಯೂ ಮಾತಾಗಿತ್ತು. ಬಸ್ಸಿನ ಹಣ ಕೂಡದೆ ಉಳಿದೆವು. ಯಾರ ತಪ್ಪು ಎಷ್ಟು ಎಂಬುದನ್ನು ತೀರ್ಮಾನಿಸುವುದು ನನ್ನಂಥವನ ಕೆಲಸವಲ್ಲ. ಆದರೆ ಒಂದು ಮಾತು ಅಂದಿನಿಂದ ನನ್ನ ಮನಸ್ಸನ್ನು ಕೊರೆಯುತ್ತಿದೆ. ಆಟಗಾರನಿಗೆ ಬೆಲೆ ಕಟ್ಟಿದರು, ತಂಡಕ್ಕೆ ಬೆಲೆ ಕಟ್ಟಿದರು, ಪಂದ್ಯ ತೋರಿಸುವ ಹಕ್ಕಿಗೆ ಬೆಲೆ ಕಟ್ಟಿದರು. ಹದಿನೇಳು ವರ್ಷ ಸೋಲನ್ನು ಹೊತ್ತ ಅಭಿಮಾನಿಗೆ ಮಾತ್ರ ಯಾರೂ ಬೆಲೆ ಕಟ್ಟಲಿಲ್ಲ. ಕಟ್ಟದಿದ್ದರೆ ಹೋಗಲಿ; ಅವನ ಜೀವದ ಬೆಲೆಯನ್ನಾದರೂ ಅವನೇ ಅರಿಯಬೇಡವೇ? ತಂದೆತಾಯಿಗಳಿಗೆ ನಾವು ಹರಾಜಿನಲ್ಲಿ ದೊರೆತವರಲ್ಲ. ದೊಡ್ಡ ಹರಾಜಿನಲ್ಲಿ ಕಳೆದುಕೊಂಡ ಆಟಗಾರ ಮತ್ತೊಂದು ಹರಾಜಿನಲ್ಲಿ ಮರಳಿ ಬರಬಹುದು, ಇವರು ಬರುವುದಿಲ್ಲ.

ಆದ್ದರಿಂದ ಅಭಿಮಾನವನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ನಾನೇ ಬಿಡಲಾರೆ. ತಂಡ ತಪ್ಪಿದಾಗ ತಪ್ಪೆನ್ನುವ 'ಹಕ್ಕು' ನಮಗುಂಟು; ಹಣ ಹಾಕಿದವನಿಗಿಂತ ಹೆಚ್ಚು ಕಾಲ ನಿಂತವರು ನಾವು. ಆದರೆ ಆ ಹಕ್ಕಿನ ಜೊತೆಗೆ ಒಂದು ಕರ್ತವ್ಯವೂ ಇದೆ. ನಮ್ಮ ಕಾಲೇಜಿನ ಹಿಂದಿನ ಬಯಲಿನಲ್ಲಿ ಸಂಜೆ ನಾಲ್ಕೂವರೆಗೆ ನಮ್ಮ ಹುಡುಗರು ಆಡುತ್ತಾರೆ. ಪಕ್ಕದಲ್ಲಿ ಹುಡುಗಿಯರ ಕಬಡ್ಡಿ, ಖೋಖೋ ಅಭ್ಯಾಸ ನಡೆಯುತ್ತದೆ. ನೋಡುವವರು ಎರಡು ಬೇವಿನ ಮರ, ನಾಲ್ಕು ಮೇಕೆ. ಅಂತರ ಕಾಲೇಜು ಪಂದ್ಯದಲ್ಲಿ ಸೋತು ಬಂದಾಗ ಮಾತ್ರ ನಮಗೆಲ್ಲ ಅವರ ನೆನಪಾಗುತ್ತದೆ. ಒಮ್ಮೆ ಸೊನ್ನೆಗೆ ಔಟಾದ ಪ್ರಥಮ ವರ್ಷದವನನ್ನು ಕೈಬಿಡಿ ಎಂದು ಹೇಳುವವರೂ ನಾವೇ. ಆ ಹುಡುಗನನ್ನು ಮೂರು ವರ್ಷ ಉಳಿಸಿಕೊಂಡು ನೋಡೋಣ. ಅಧ್ಯಾಪಕ ಮಹಾಶಯರು ವಾರಕ್ಕೊಂದು ಸಂಜೆ ಬಂದು ಬೇವಿನ ನೆರಳಿನಲ್ಲಿ ಕುಳಿತರೆ ಇನ್ನೂ ಸಂತೋಷ. ತೂಕಡಿಸಿದರೂ ನಾವು ಹಾಜರಿ ಹಾಕಿಕೊಳ್ಳುತ್ತೇವೆ.

ಗೆದ್ದರೆ ಯಾರು ಗೆದ್ದಂತಾಯಿತು ಎಂದು ಆ ಅಜ್ಜ ಕೇಳಿದ ಪ್ರಶ್ನೆಗೆ ಅಲ್ಲಿಯಾದರೂ ಒಂದು ಉತ್ತರ ಸಿಕ್ಕೀತು.